ಸಾಬಣ್ಣನ ಕಂದೀಲು

ರಂಗಂಪೇಟೆಯಲ್ಲಿ ಪರಿಚಯದವರ ಮನೆಯ ಮದುವೆ ಮುಗಿಸಿ, ಹೋದ ತಿಂಗಳು ಸುರಪುರದಿಂದ ಶಹಾಪುರದ ಬಸ್ಸು ಹತ್ತಿದ್ದೆ. ಊಟ ಜಾಸ್ತಿಯಾಗಿತ್ತು, ಕಣ್ಣು ಎಳೆಯುತ್ತಿತ್ತು. ಅರ್ಧ ದಾರಿಯಲ್ಲಿ ಕಿಟಕಿಯಿಂದ ಒಂದು ವಾಸನೆ ನುಗ್ಗಿತು. ಬಿಸಿ ಹತ್ತಿಕಾಳಿನ ಹಿಂಡಿಯ ವಾಸನೆ. ಎಣ್ಣೆಯ ಜಿಡ್ಡು, ಸ್ವಲ್ಪ ಸಿಹಿ, ಅದರ ಹಿಂದೆ ಪೆಟ್ರೋಲಿನಂಥ ಒಂದು ತೆಳು ಎಳೆ. ಪಕ್ಕದಲ್ಲಿ ಕೂತಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನ್ನ ಕೈ ಮಾತ್ರ ತಾನಾಗಿಯೇ ಎದೆಯ ಮೇಲೆ ಹೋಯಿತು, ಅಲ್ಲಿ ಗ್ಯಾಸ್ ಮೀಟರು ತೂಗುತ್ತಿದೆಯೋ ಇಲ್ಲವೋ ಎಂದು ನೋಡುವಂತೆ. ಎದ್ದು ನಿಂತು ಕಂಡಕ್ಟರಿಗೆ ಇಲ್ಲೇ ಇಳಿಯುತ್ತೇನೆ ಎಂದೆ. ಟಿಕೆಟು ಶಹಾಪುರಕ್ಕೈತಿ ಎಂದು ಅವನು ನೆನಪಿಸಿದ. ಇರಲಿ ಬಿಡಪ್ಪ ಎಂದು ಇಳಿದೆ.

ಆ ವಾಸನೆಯ ಮಿಲ್ಲಿನಲ್ಲಿ ಎಷ್ಟೋ ವರ್ಷಗಳ ಹಿಂದೆ ನಾನು ಒಂದು ಹತ್ತಿಯ ಸುಗ್ಗಿ ಕಳೆದಿದ್ದೆ. ವಯಸ್ಸು ಚಿಕ್ಕದು, ಓದು ಹೊಸದು, ನಾಲಿಗೆ ಸ್ವಲ್ಪ ಉದ್ದ. ತುಮಕೂರು ಕಡೆಯವಳು ನಾನು. ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಎಂಬ ದೊಡ್ಡ ಹೆಸರಿನ ಸಣ್ಣ ಕೆಲಸಕ್ಕೆ ಬಂದಿದ್ದೆ. ಭೀಮರಾಯನಗುಡಿಯ ಕ್ಯಾಂಪಿನ ಪಕ್ಕದಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ನೀರಾವರಿ ಯೋಜನೆ ಜೋರಾಗಿದ್ದ ಕಾಲದಲ್ಲಿ ಗಿಜಿಗುಡುತ್ತಿದ್ದ ಜಾಗವಂತೆ. ನಾನು ಹೋಗುವ ಹೊತ್ತಿಗೆ ಬೇವಿನ ಮರಗಳು ಬೆಳೆದು ದೊಡ್ಡವಾಗಿದ್ದವು, ಮನೆಗಳು ಅರ್ಧಕ್ಕರ್ಧ ಖಾಲಿ. ಸಂಜೆ ಬಾಗಿಲಲ್ಲಿ ಕೂತರೆ ಎದುರು ಸಾಲಿನ ಮನೆಗಳಿಗೆ ಬೀಗ ಕಾಣುತ್ತಿತ್ತು. ಭಾನುವಾರ ಅಕ್ಕ ಫೋನು ಮಾಡುತ್ತಿದ್ದಳು. ಏನು ಮಾಡ್ತಿದ್ದೀಯೇ ಎಂದರೆ ಏನೂ ಇಲ್ಲ ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು.

ಮಿಲ್ಲಿನಲ್ಲಿ ಹತ್ತಿಕಾಳಿನಿಂದ ಎಣ್ಣೆ ತೆಗೆಯುತ್ತಿದ್ದರು. ಗಾಣ ಹಿಂಡಿ ಉಳಿಸಿದ ಎಣ್ಣೆಯನ್ನೂ ಬಿಡದೆ ಎಳೆದುಕೊಳ್ಳಲು ಪೆಟ್ರೋಲಿನ ಜಾತಿಯ ಒಂದು ದ್ರಾವಕ ಬಳಸುತ್ತಾರೆ. ಕೆಲಸಗಾರರ ಬಾಯಲ್ಲಿ ಅದು ಸಾಲ್ವೆಂಟು. ಅದರ ಆವಿ ಕಣ್ಣಿಗೆ ಕಾಣುವುದಿಲ್ಲ, ನೆಲದ ಮೇಲೆ ತೆವಳಿಕೊಂಡು ತಗ್ಗು ಹುಡುಕುತ್ತದೆ, ಒಂದು ಕಿಡಿ ಸಿಕ್ಕರೆ ಸಾಕು. ಹಾಗಾಗಿ ಒಳಗಿನ ಬೇಲಿ ದಾಟುವಾಗ ಎಲ್ಲರೂ ಬೀಡಿ, ಕಡ್ಡಿಪೆಟ್ಟಿಗೆ, ಮೊಬೈಲು ಗೇಟಿನಲ್ಲಿ ಬಿಡಬೇಕು. ಬಿಟ್ಟಿದ್ದಾರೋ ಇಲ್ಲವೋ ನೋಡುವವಳು ನಾನು. ವೆಲ್ಡಿಂಗ್ ಮಾಡುವ ಮೊದಲು ಗಾಳಿ ಪರೀಕ್ಷಿಸಿ ಸರಿ ಎನ್ನುವವಳು, ಅದಕ್ಕಿಂತ ಹೆಚ್ಚು ಸಲ ಸರಿಯಿಲ್ಲ ಎನ್ನುವವಳು ನಾನು. ಎದೆಯ ಮೇಲೆ ಅಂಗೈಯಗಲದ ಗ್ಯಾಸ್ ಮೀಟರು ತೂಗುಹಾಕಿಕೊಂಡು ಮಿಲ್ಲಿನ ಮೂಲೆ ಮೂಲೆ ಅಲೆಯುತ್ತಿದ್ದೆ.

ಆ ಮೀಟರು ಸುಮ್ಮನಿರುವ ಜಾತಿಯದಲ್ಲ. ವಿಷಗಾಳಿ ಕಂಡರೆ ಕೂಗುತ್ತದೆ, ಸರಿ. ಆದರೆ ಚಾರ್ಜು ಕಡಿಮೆಯಾದರೂ ಕೂಗುತ್ತದೆ, ಚಾಲೂ ಮಾಡಿದಾಗಲೂ ಕೂಗುತ್ತದೆ, ಯಾರಾದರೂ ಪಕ್ಕದಲ್ಲಿ ಬಣ್ಣದ ಡಬ್ಬಿ ತೆರೆದರೂ ಕೂಗುತ್ತದೆ. ಬಂದ ಮೊದಲ ವಾರದಲ್ಲೇ ನನಗೆ ಮೀಟರಮ್ಮ ಎಂದು ಹೆಸರು ಬಿತ್ತು. ಮೀಟರು ನನ್ನ ಕೂಸು.

“ಮೀಟರಮ್ಮರ, ನಿಮ್ಮ ಕೂಸು ಅಳಾಕತ್ತೈತಿ, ಜರಾ ತೊಟ್ಟಲದಾಗ ಹಾಕ್ರಿ,” ಎಂದು ಹಮಾಲರು ಹಿಂದಿನಿಂದ ಕೂಗುತ್ತಿದ್ದರು. ಮದುವೆಯಾಗದ ಹುಡುಗಿಗೆ ಈ ಮಾತು ಎಷ್ಟು ಚುಚ್ಚಬೇಕೋ ಅಷ್ಟು ಚುಚ್ಚುತ್ತಿತ್ತು. ಚುಚ್ಚಿಲ್ಲ ಎಂಬಂತೆ ನಡೆದು ಹೋಗುತ್ತಿದ್ದೆ.

ಕ್ಯಾಂಟೀನಿನಲ್ಲಿ ನಾನು ಕೂತ ಬೆಂಚು ತಾನಾಗಿ ಖಾಲಿಯಾಗುತ್ತಿತ್ತು. ದ್ವೇಷವೇನೂ ಇರಲಿಲ್ಲ. ನಾನು ಬಂದರೆ ಯಾರದೋ ಕೆಲಸ ನಿಲ್ಲುತ್ತದೆ, ಯಾರದೋ ಜೇಬಿನ ಬೀಡಿ ಸಿಕ್ಕಿಬೀಳುತ್ತದೆ. ಅಂಥವಳ ಪಕ್ಕದಲ್ಲಿ ಕೂತು ಅನ್ನ ಇಳಿಯುವುದಾದರೂ ಹೇಗೆ? ನಾನು ಗೋಡೆಯ ಕಡೆ ತಿರುಗಿ ಕೂತು ಬೇಗ ಉಂಡು ಏಳುವುದನ್ನು ಕಲಿತೆ.

ಒಂದು ದಿನ ಆ ಬೆಂಚಿನ ತುದಿಯಲ್ಲಿ ಯಾರೋ ಕುಕ್ಕರಿಸಿದರು. ಕಾಳಿನ ಅಂಗಳ ಗುಡಿಸುವ ದೇವಕೆಮ್ಮ. ಮೈಯೆಲ್ಲ ಹತ್ತಿಯ ಬಿಳಿ ಜೂಲು, ಹುಬ್ಬಿನ ಮೇಲೂ ಜೂಲು.

“ಗ್ವಾಡಿಗೆ ಮುಖ ಮಾಡಿ ಉಂಡ್ರ ಮೈಗೆ ಹತ್ತಂಗಿಲ್ಲ ಯವ್ವಾ,” ಎಂದರು. “ಇತ್ಲಾಗ ತಿರುಗು.”

ತಿರುಗಿದೆ. ತಮ್ಮ ಗಂಟಿನಿಂದ ಅರ್ಧ ಸಜ್ಜಿ ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿಪುಡಿ, ಅವರ ಮಾತಿನಲ್ಲಿ ಹಿಂಡಿ, ಉದುರಿಸಿ ನನ್ನ ಡಬ್ಬಿಯಲ್ಲಿಟ್ಟರು. ನಮ್ಮ ಕಡೆ ಹಿಂಡಿ ಎಂದರೆ ದನಕ್ಕೆ ಹಾಕುವುದು ಎಂದು ನಾನು ಹೇಳಿದ್ದಕ್ಕೆ ಅವರು ನಕ್ಕು ನಕ್ಕು ಕೆಮ್ಮಿದರು. ಆಮೇಲೆ ದಿನವೂ ಬಂದರು. ನನ್ನ ಭಾಷೆಯನ್ನು ಅಣಕಿಸುತ್ತಿದ್ದರು, ನನ್ನ ಜಡೆ ತೆಳ್ಳಗಾಗಿದೆ ಎಂದು ಬೈಯುತ್ತಿದ್ದರು, ಕೂಸಿಗೆ ಏನು ಉಣಿಸಿದಿ ಎಂದು ಮೀಟರನ್ನು ತಟ್ಟುತ್ತಿದ್ದರು. ಅದೇ ಮಾತು ಅವರ ಬಾಯಲ್ಲಿ ಚುಚ್ಚುತ್ತಿರಲಿಲ್ಲ. ಆ ಊರಿನಲ್ಲಿ ನನ್ನೊಂದಿಗೆ ಕೆಲಸವಿಲ್ಲದ ಮಾತಾಡಿದವರು ಅವರೊಬ್ಬರೇ.

ಅವರ ಗಂಡ ಸಾಬಣ್ಣ ಮಿಲ್ಲಿನ ಹಿಂಬದಿಯಲ್ಲಿ ಕೊಳಚೆ ನೀರಿನ ಟ್ಯಾಂಕುಗಳನ್ನು ನೋಡಿಕೊಳ್ಳುವ ಗುಂಪಿನ ಮೇಸ್ತ್ರಿ. ಕಕ್ಕೇರಾ ಕಡೆಯ ಕುರಿ ಸಾಕುವ ಮನೆತನದವರು. ಎತ್ತರದ ಆಳು, ಹೆಗಲ ಮೇಲೆ ಕಂಬಳಿ ಇರಲೇಬೇಕು, ಮಾತು ಕಡಿಮೆ. ನೆಲದೊಳಗೆ ಕಟ್ಟಿದ, ಮೇಲೆ ಕಬ್ಬಿಣದ ಮುಚ್ಚಳವಿದ್ದ ದೊಡ್ಡ ಟ್ಯಾಂಕಿಗೆ ಅವರೆಲ್ಲ ‘ಬಾವಿ’ ಎನ್ನುತ್ತಿದ್ದರು. ಬಾವಿಯೊಳಗೆ ಇಳಿಯುವ ಮೊದಲು ಸಾಬಣ್ಣ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ, ನನಗಿಂತ ಮುಂಚಿನಿಂದ ಇದೇ ಪದ್ಧತಿ ಎಂದು ಗುಂಪಿನವರಿಂದ ತಿಳಿಯಿತು. ಬೇಡವೆಂದು ಹೇಳಲು ಹೋದೆ. ಅವರು ನನ್ನನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ಸಿಟ್ಟಿಲ್ಲದೆ ಹೇಳಿದರು.

“ಹಗೇವು ನೋಡೀರೇನ್ರಿ? ಜ್ವಾಳ ತುಂಬಿ ನೆಲದಾಗ ಹುಗೀತಿದ್ರು. ನಾ ಸಣ್ಣಾವಿದ್ದೆ. ನಮ್ಮಣ್ಣ ಹಗೇವಿನ ಬಾಯಿ ತೆರದ ಕೂಡ್ಲೇ ಇಳದಬಿಟ್ಟ. ಕೆಳಗ ಹೋಗಿ ಒಂದ ಮಾತೂ ಆಡ್ಲಿಲ್ಲ. ನಮ್ಮಪ್ಪ ಹಿಂದs ಇಳಿಯಾಕ ಹೋದ, ಊರ ಮಂದಿ ಹಿಡಕೊಂಡ್ರು. ಆವತ್ತ ಅಪ್ಪ ಈ ಕಂದೀಲ ತಂದ. ಇದನ್ನ ಬಿಡಲಾರದ ನಾ ಯಾವ ತೆಗ್ಗಿಗೂ ಇಳಿಯಂಗಿಲ್ಲ. ದೀಪ ಉರೀತಂದ್ರ ನಾ ಇಳೀತೀನಿ, ಆರಿತಂದ್ರ ಇಳಿಯಂಗಿಲ್ಲ.”

ಹಗೇವಿಗೆ ಅದು ಸರಿಯೇ. ಜೋಳದ ಗುಂಡಿಯಲ್ಲಿ ಉಸಿರಾಡುವ ಗಾಳಿ ಇಲ್ಲದಿದ್ದರೆ ದೀಪ ಆರುತ್ತದೆ, ಜೀವ ಉಳಿಯುತ್ತದೆ. ಈ ಬಾವಿಯಲ್ಲಿ ಇರುವುದು ಬೇರೆ. ಕೊಳೆತ ನೀರಿನಿಂದ ಏಳುವ ಕೊಳೆತ ಮೊಟ್ಟೆಯ ವಾಸನೆಯ ಗಾಳಿಯೊಳಗೆ ದೀಪ ಚೆನ್ನಾಗಿಯೇ ಉರಿಯುತ್ತಿರುತ್ತದೆ, ಪಕ್ಕದಲ್ಲಿ ಮನುಷ್ಯ ಬೀಳುತ್ತಾನೆ. ನೀರಿನ ಜೊತೆ ಸಾಲ್ವೆಂಟು ಹರಿದು ಬಂದಿದ್ದರಂತೂ ದೀಪವೇ ಬೆಂಕಿ ಹಚ್ಚುತ್ತದೆ. ಇದನ್ನೆಲ್ಲ ನಾನು ಬಿಡಿಸಿ ಬಿಡಿಸಿ ಹೇಳಿದೆ. ಸಾಬಣ್ಣ ತಲೆಯಾಡಿಸಿದರು. ತಲೆಯಾಡಿಸಿದ್ದು ಒಪ್ಪಿದ್ದಕ್ಕಲ್ಲ, ಹುಡುಗಿ ಇಷ್ಟು ಹೊತ್ತು ಮಾತಾಡಿದಳಲ್ಲ ಎಂಬ ಮರ್ಯಾದೆಗೆ ಎಂದು ಆಮೇಲೆ ತಿಳಿಯಿತು.

ದೀಪಾವಳಿಗೆ ಮಿಲ್ಲು ಮುಚ್ಚಿತು. ಎಲ್ಲರೂ ಊರಿಗೆ ಹೋದರು. ನಾನು ಹೋಗಲಿಲ್ಲ, ಮುಚ್ಚಿದ ಮಿಲ್ಲನ್ನು ದಿನಕ್ಕೊಮ್ಮೆ ಸುತ್ತಬೇಕಿತ್ತು. ಕ್ಯಾಂಪಿನಲ್ಲಿ ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಹಣತೆ ಕಂಡವು. ನಾನೂ ಒಂದು ಹಚ್ಚಿ, ಅದು ಗಾಳಿಗೆ ಆರಿದ ಮೇಲೆ ಒಳಗೆ ಹೋಗಿ ಉಪ್ಪಿಟ್ಟು ತಿಂದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಶಹಾಪುರದ ಬೆಟ್ಟದ ಸಾಲಿನಲ್ಲಿ ಬಂಡೆಗಳೇ ಮೂಡಿಸಿದ ಮಲಗಿದ ಬುದ್ಧನ ಮುಖ ಕಾಣುತ್ತಿತ್ತು. ಹಣೆ, ಮೂಗು, ಗದ್ದ. ಆ ದಿನಗಳಲ್ಲಿ ನಾನು ದಿನವೂ ನೋಡಿದ ಮುಖ ಅದೊಂದೇ, ಅದಕ್ಕೂ ಕಣ್ಣು ಮುಚ್ಚಿತ್ತು.

ಹಬ್ಬ ಮುಗಿದು ಮಿಲ್ಲು ಬಾಗಿಲು ತೆರೆದ ಬೆಳಿಗ್ಗೆಯೇ ಬಾವಿಯ ಪಂಪು ಕಟ್ಟಿಕೊಂಡಿತು. ನೀರು ಹೋಗದೆ ಮಿಲ್ಲು ಓಡುವಂತಿಲ್ಲ. ಗೇಟಿನಾಚೆ ಹತ್ತಿಕಾಳಿನ ಲಾರಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಯಾರಾದರೂ ಒಳಗಿಳಿದು ಕೆಸರು ಬಿಡಿಸಬೇಕು. ನಾನು ಹಿಂಬದಿಗೆ ಹೋಗುವ ಹೊತ್ತಿಗೆ ಮುಚ್ಚಳವನ್ನು ಅರ್ಧ ಸರಿಸಿ, ನಿಚ್ಚಣಿಕೆ ಇಳಿಬಿಟ್ಟಾಗಿತ್ತು. ಮೀಟರಿನ ಕೊಳವೆಯನ್ನು ಒಳಗೆ ಬಿಟ್ಟೆ. ಅದು ಚೀರಿದ ರೀತಿ ನಾನೇ ಅಲ್ಲಿಯವರೆಗೆ ಕೇಳಿರಲಿಲ್ಲ. ಎರಡೂ ಇದ್ದವು. ಮೊಟ್ಟೆ ವಾಸನೆಯ ಗಾಳಿಯೂ ಇತ್ತು, ಸಾಲ್ವೆಂಟಿನ ಆವಿಯೂ ಇತ್ತು.

“ಯಾರೂ ಇಳಿಯಬೇಡಿ. ಯಾದಗಿರಿಯಿಂದ ಬ್ಲೋವರ್ ತರಿಸಿ ಗಾಳಿ ಹೊಡೆಸೋಣ. ಮೀಟರು ಸುಮ್ಮನಾಗುವವರೆಗೆ ಕೆಲಸ ಇಲ್ಲ,” ಎಂದೆ.

ಮ್ಯಾನೇಜರು ಕೈಗಡಿಯಾರ ನೋಡಿಕೊಂಡರು. “ಸ್ವಲ್ಪ ಹೊತ್ತಿನ ಕೆಲಸ ಮೇಡಂ. ಸಾಬಣ್ಣ ಎಷ್ಟು ಸಲ ಇಳಿದು ಬಂದಿದ್ದಾರೆ. ಅವರ ಧೈರ್ಯ ಅವರಿಗೆ, ನೀವ್ಯಾಕೆ ಅಡ್ಡ ಬರ್ತೀರಿ?” ಎಂದು ಹೇಳಿ, ನನ್ನ ಉತ್ತರ ಕೇಳುವ ಮೊದಲೇ ಆಫೀಸಿನ ಕಡೆ ನಡೆದರು. ನಿಲ್ಲಿಸಿ ಎಂದೂ ಹೇಳಲಿಲ್ಲ, ಇಳಿಯಿರಿ ಎಂದೂ ಹೇಳಲಿಲ್ಲ. ಅಂಥ ಮಾತಿನ ಜಾಣತನ ನನಗೆ ಇವತ್ತಿಗೂ ಬಂದಿಲ್ಲ.

ಸಾಬಣ್ಣ ಬಾವಿಯ ಬಾಯಿಗೆ ಬಗ್ಗಿ ಮೂಸಿದರು. “ಮುಂಜಾನಿ ವಾಸನಿ ಇತ್ರಿ. ಈಗ ಹೋಗೈತಿ. ಹವಾ ಚಲೋ ಆಗೈತಿ.”

“ವಾಸನೆ ಹೋಗಿಲ್ಲ ಸಾಬಣ್ಣ, ನಿಮ್ಮ ಮೂಗು ಸೋತಿದೆ. ಆ ಗಾಳಿ ಮೊದಲು ಮೂಗನ್ನೇ ಕೊಲ್ಲುತ್ತೆ. ಇತ್ತ ಬನ್ನಿ.”

“ನಿಮ್ಮ ಡಬ್ಬಿ ದಿನಾ ಅಳತೈತ್ರಿ,” ಎಂದರು ಅವರು, ತಾಳ್ಮೆಯಿಂದಲೇ. “ಇವತ್ತ ಖರೇ ಅಳತೈತೋ ಸುಳ್ಳ ಅಳತೈತೋ ಯಾರಿಗೆ ಗೊತ್ತು? ನನ್ನ ಕಂದೀಲ ಸುಳ್ಳ ಹೇಳಂಗಿಲ್ಲ.”

ನಾನು ಅಂಕಿ ತೋರಿಸಲು ಮೀಟರನ್ನು ಎತ್ತಿ ಹಿಡಿದೆ. ಅಷ್ಟರಲ್ಲಿ ಅವರು ಗೋಡೆಯ ಮರೆಯಲ್ಲಿ ಕಂದೀಲು ಹಚ್ಚಿಕೊಂಡು ಬಂದರು. ಟ್ಯಾಂಕು ಒಳಗಿನ ಬೇಲಿಯ ಹೊರಗಿತ್ತು, ಅಲ್ಲಿ ಕಡ್ಡಿಪೆಟ್ಟಿಗೆ ಕಸಿದುಕೊಳ್ಳುವ ಗೇಟು ಇರಲಿಲ್ಲ. ಗಾಜನ್ನು ಹಬ್ಬಕ್ಕೆಂದು ಬೂದಿ ಹಾಕಿ ಒರೆಸಿದ್ದರು, ಹಿಡಿಕೆಗೆ ಅರಿಶಿನ ಕುಂಕುಮ ಇನ್ನೂ ಇತ್ತು. ಹಗ್ಗ ಕಟ್ಟಿಕೊಂಡು ಅವರು ಬಾಯಿಯ ಹತ್ತಿರ ಬರುತ್ತಿದ್ದರು, ಸುತ್ತ ಅವರ ಗುಂಪಿನವರು ನಿಂತಿದ್ದರು. ಇನ್ನು ಮೂರು ನಾಲ್ಕು ಹೆಜ್ಜೆ. ನಾನು ಓಡಿ ಹೋಗಿ, ಅವರ ಕೈಯಲ್ಲಿದ್ದ ಕಂದೀಲಿನ ಗಾಜನ್ನು ಬರಿಗೈಯಲ್ಲಿ ಎತ್ತಿ, ಬಾಯಿಂದ ಊದಿಬಿಟ್ಟೆ.

ಮೀಟರು ಚೀರುತ್ತಲೇ ಇತ್ತು.

“ಊದಿದ್ರಿ?” ಎಂದರು ಸಾಬಣ್ಣ. ಅವರ ದನಿ ಏರಿರಲಿಲ್ಲ. “ನಮ್ಮಪ್ಪನ ಕಂದೀಲ ಊದಿದ್ರಿ?”

ಕಂದೀಲನ್ನು ಮೆಲ್ಲಗೆ ಕೆಳಗಿಟ್ಟರು. ಕಂಬಳಿ ತೆಗೆದು ಅದರ ಪಕ್ಕಕ್ಕಿಟ್ಟರು. “ಬ್ಯಾಡಂದ್ರ ಬ್ಯಾಡ. ನಾ ಹಂಗs ಇಳೀತೀನಿ,” ಎಂದು ನಿಚ್ಚಣಿಕೆಗೆ ಕೈ ಹಾಕಿದರು. ಜನ್ಮದಲ್ಲಿ ದೀಪ ಇಳಿಬಿಡದೆ ತಾವು ಇಳಿಯದವರು, ನನ್ನ ಮೇಲಿನ ಸಿಟ್ಟಿಗೆ ಇಳಿಯಹೊರಟಿದ್ದರು.

ಮುಚ್ಚಳ ತಳ್ಳಿ ಎಂದು ಉಳಿದವರಿಗೆ ಹೇಳಿದೆ. ಯಾರೂ ಕದಲಲಿಲ್ಲ. ಸಾಬಣ್ಣ ಕಾಲಿಡುವ ಮೊದಲೇ ನಿಚ್ಚಣಿಕೆಯನ್ನು ಎಳೆದು ಬಿಸಾಕಿ, ಮುಚ್ಚಳಕ್ಕೆ ಎರಡೂ ಕಾಲು ಕೊಟ್ಟು ತಳ್ಳಿದೆ. ಅದು ಸರಿದು ತನ್ನ ಜಾಗದಲ್ಲಿ ಕೂತಿತು. ನಾನು ಅದರ ಮೇಲೆ ಕೂತೆ.

“ಇಳಿಯೋದಾದ್ರೆ ನನ್ನನ್ನ ಎತ್ತಿ ಆಚೆ ಹಾಕಿ ಇಳೀರಿ,” ಎಂದೆ.

ಪರಹೆಣ್ಣಿನ ಮೈ ಮುಟ್ಟಿ ಎಬ್ಬಿಸುವ ಗಂಡಸು ಅಲ್ಲಿ ಯಾರೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಕೂತೆ. ಸಾಬಣ್ಣ ಕಂಬಳಿ ಕೊಡವಿ ಹೆಗಲಿಗೆ ಹಾಕಿ, ಕಂದೀಲು ಹಿಡಿದುಕೊಂಡು ಹೊರಟುಹೋದರು. ಹಿಂದೆಯೇ ಉಳಿದವರೂ ಹೋದರು.

ಯಾದಗಿರಿಯಿಂದ ಬ್ಲೋವರ್ ಬರುವವರೆಗೆ ನಾನು ಆ ಮುಚ್ಚಳದ ಮೇಲೆ ಕೂತೇ ಇದ್ದೆ. ಬಿಸಿಲು ಏರಿತು, ಕಬ್ಬಿಣ ಕಾದಿತು, ಕೆಳಗೆ ಗೋಣಿಚೀಲ ಎಳೆದುಕೊಂಡೆ. ಬೇಲಿಯಾಚೆ ಜಾಲಿ ಗಿಡಗಳ ನಡುವೆ ಕುರಿಗಳು ಮೇಯುತ್ತ ಬಂದವು, ಕುರಿ ಕಾಯುವವನು ನನ್ನನ್ನು ನೋಡಿ ನಿಂತ, ಏನೂ ಅರ್ಥವಾಗದೆ ಮುಂದೆ ಹೋದ. ದೂರದ ಶೆಡ್ಡಿನ ನೆರಳಲ್ಲಿ ಗುಂಪು ಕೂತು ನಗುತ್ತಿತ್ತು. ಕೂಸು ತೊಡೆಯ ಮೇಲೆ ಆಗಾಗ ಬಿಕ್ಕುತ್ತಿತ್ತು. ಎದ್ದು ಹೋಗಿ ನೀರು ಕುಡಿಯುವ ಧೈರ್ಯವಿರಲಿಲ್ಲ. ನಾನು ಎದ್ದ ಗಳಿಗೆಯಲ್ಲೇ ಅವರು ಬಂದು ಇಳಿದುಬಿಟ್ಟರೆ? ಅಳು ಬಂತು. ಅಳುವುದಕ್ಕೆ ನಾಚಿಕೆಯೂ ಆಗಲಿಲ್ಲ, ನೋಡುವವರು ಯಾರಿದ್ದರು?

ಮಧ್ಯಾಹ್ನ ದೇವಕೆಮ್ಮ ಬಂದರು. ಕೈಯಲ್ಲಿ ತಂಬಿಗೆ ನೀರು. ನನ್ನ ಕೈಗೆ ಕೊಡಲಿಲ್ಲ, ಮುಚ್ಚಳದ ಪಕ್ಕ ನೆಲದ ಮೇಲಿಟ್ಟರು.

“ಹೇಳಿದ್ರ ದೀಪ ಅವರs ಶಾಂತ ಮಾಡ್ತಿದ್ರು,” ಎಂದರು. “ಹಬ್ಬದಾಗ ಪೂಜಿ ಮಾಡಿದ ದೀಪ. ಎಂಜಲ ಬಾಯಿಲೆ ಊದಬಾರದಾಗಿತ್ತು ಯವ್ವಾ.”

“ಹೇಳೋಕೆ ಹೊತ್ತಿರಲಿಲ್ಲ ಅವ್ವಾ. ಅವರು ಸತ್ತುಹೋಗ್ತಿದ್ರು.”

“ಹಂಗಂತ ನೀ ಅಂತಿ,” ಎಂದು ಅವರು ತಿರುಗಿ ನಡೆದರು. ಆ ನೀರು ಕುಡಿದೆ. ಆ ಸುಗ್ಗಿಯಲ್ಲಿ ಅವರು ನನಗೆ ತಂದ ಕಡೆಯ ವಸ್ತು ಅದು.

ಸಂಜೆಗೆ ಬ್ಲೋವರ್ ಬಂತು. ಮರುದಿನದವರೆಗೂ ಗಾಳಿ ಹೊಡೆಸಿದೆವು. ಮೀಟರು ಸುಮ್ಮನಾದ ಮೇಲೆ ಬೇರೆ ಇಬ್ಬರು ಸೊಂಟಕ್ಕೆ ಬೆಲ್ಟು ಹಗ್ಗ ಕಟ್ಟಿಕೊಂಡು ಇಳಿದರು, ಕೆಸರು ಬಿಡಿಸಿದರು, ಮೇಲೆ ಬಂದು ಬೀಡಿ ಕೇಳಿದರು. ಏನೂ ಆಗಲಿಲ್ಲ. ಅದೇ ನೋಡಿ ತೊಂದರೆ. ಏನಾದರೂ ಆಗಿದ್ದರೆ ಮೀಟರಮ್ಮ ಹೇಳಿದ್ದಳು ಎಂದು ಊರೆಲ್ಲ ನೆನೆಯುತ್ತಿತ್ತು. ಆಗದೇ ಇದ್ದುದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಬಾವಿಯಲ್ಲಿ ಏನೂ ಇರಲಿಲ್ಲ, ಸುಮ್ಮನೆ ಒಂದು ದಿನ ಹಾಳು ಮಾಡಿದಳು ಎಂಬುದೇ ಮಿಲ್ಲಿನ ತೀರ್ಪಾಯಿತು. ಇದ್ದದ್ದು ಮೀಟರಿಗೆ ಗೊತ್ತು, ನನಗೆ ಗೊತ್ತು. ನಾವಿಬ್ಬರೇ.

ಸಾಬಣ್ಣ ಟ್ಯಾಂಕಿನ ಕೆಲಸ ಬಿಟ್ಟು ಹಿಂಡಿ ಗೋದಾಮಿಗೆ ಹೋದರು. ಎದುರು ಸಿಕ್ಕರೆ ದಾರಿ ಬದಲಿಸುತ್ತಿದ್ದರು. ದೇವಕೆಮ್ಮ ಕ್ಯಾಂಟೀನಿಗೆ ಬರುವುದನ್ನೇ ನಿಲ್ಲಿಸಿದರು. ಒಂದೆರಡು ಸಲ ಕಾಳಿನ ಅಂಗಳಕ್ಕೆ ಹೋಗಿ ಅವ್ವಾ ಎಂದು ಕರೆದೆ. ಪೊರಕೆಯ ಸದ್ದು ಜೋರಾಯಿತು, ಅಷ್ಟೇ. ಆ ಚಳಿಗಾಲ ಹೇಗೆ ಕಳೆಯಿತೆಂದು ಹೇಳಲು ಹೆಚ್ಚೇನಿಲ್ಲ. ಬೆಂಚು ಮತ್ತೆ ಖಾಲಿ, ಮುಖ ಮತ್ತೆ ಗೋಡೆಗೆ. ಕಾಲುವೆಯಲ್ಲಿ ನೀರು ಬಂದು ಅತ್ತ ಭತ್ತ ಹಸಿರಾಯಿತು, ಇತ್ತ ಹೊಲಗಳಲ್ಲಿ ಹತ್ತಿ ಬಿಡಿಸಿ ಕಟ್ಟಿಗೆ ಮಾತ್ರ ಉಳಿಯಿತು. ಒಂದು ಭಾನುವಾರ ಅಕ್ಕನ ಫೋನು ಬಂದಾಗ ಹಲೋ ಎನ್ನಲು ದನಿ ಹೊರಡಲಿಲ್ಲ. ಹಿಂದಿನ ದಿನದಿಂದ ಬಾಯಿ ಬಿಟ್ಟಿರಲಿಲ್ಲವೆಂದು ಆಗ ಹೊಳೆಯಿತು. ಕೆಲವು ದಿನಗಳ ನಂತರ ಅದರ ನೋವೂ ತಿಳಿಯದಾಯಿತು. ಅದು ಒಳ್ಳೆಯ ಸೂಚನೆಯಲ್ಲ ಎಂಬುದು ಬಾವಿಯ ಗಾಳಿಯ ಬಗ್ಗೆ ಓದಿದ ನನಗೆ ಗೊತ್ತಿರಬೇಕಿತ್ತು. ಬೇಸಿಗೆ ಶುರುವಾಗುವಾಗ ಬೇರೆ ಕಡೆ ಕೆಲಸ ಸಿಕ್ಕಿತು. ಗೇಟಿನಲ್ಲಿ ಮೀಟರು ಒಪ್ಪಿಸಿ, ಬಸ್ಸಿಗೆ ಕೈ ಮಾಡಿ ಹತ್ತಿ ಬಂದೆ.

ಇಷ್ಟು ವರ್ಷಗಳಲ್ಲಿ ಎಷ್ಟೋ ಕಾರ್ಖಾನೆ ನೋಡಿದ್ದೇನೆ. ಪ್ರತಿ ಕಡೆಯೂ ಪಾಠ ಹೇಳುವಾಗ, ದೀಪ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಮೊದಲು ಹೇಳುತ್ತೇನೆ. ಸಾಬಣ್ಣ ಮತ್ತೆ ಕಂದೀಲು ಹಿಡಿದು ಬಂದರೆ ಮತ್ತೆ ಊದುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೂ ಬಸ್ಸಿಳಿದು ಮಿಲ್ಲಿನ ಕಡೆ ನಡೆಯುವಾಗ ಎರಡು ಸಲ ನಿಂತು ಬಂದ ದಾರಿಯತ್ತ ತಿರುಗಿ ನೋಡಿದೆ.

ಮಿಲ್ಲಿನ ಗೇಟಿನ ಎದುರು ತಗಡಿನ ಚಹಾ ಅಂಗಡಿಯೊಂದು ಎದ್ದಿದೆ. ಒಲೆಯ ಮುಂದಿದ್ದ ಹೆಂಗಸು ತಲೆಯೆತ್ತಿದರು. ಹುಬ್ಬಿನ ಮೇಲೆ ಹತ್ತಿಯ ಜೂಲು ಅಂದುಕೊಂಡೆ. ಜೂಲಲ್ಲ, ಹುಬ್ಬೇ ಬೆಳ್ಳಗಾಗಿತ್ತು.

“ಯವ್ವಾ!” ಎಂದರು ದೇವಕೆಮ್ಮ. “ಮೀಟರಮ್ಮ! ಕೂಸೆಲ್ಲೈತಿ?”

ಬ್ಯಾಗಿನಿಂದ ತೆಗೆದು ತೋರಿಸಿದೆ. ಈಗಿನದು ಇನ್ನೂ ಚಿಕ್ಕದು. ಅವರು ಅದನ್ನು ತಟ್ಟಿದರು, ಆಮೇಲೆ ನನ್ನ ಕೆನ್ನೆ ಹಿಡಿದು, ಸೊರಗಿದಿ ಎಂದು ಬೈದರು.

ಒಳಗೆ ಹೊರಸಿನ ಮೇಲೆ ಕಂಬಳಿ ಹೊದ್ದು ಕೂತಿದ್ದವರು ಕೆಮ್ಮಿದರು. ಅವರ ತಲೆಯ ಮೇಲೆ ಮೊಳೆಗೆ ಕಂದೀಲು ತೂಗುತ್ತಿತ್ತು, ಗಾಜು ಫಳಫಳ.

“ಯಾರಿಗೂ ಮುಟ್ಟಗೊಡಂಗಿಲ್ಲ,” ಎಂದರು ದೇವಕೆಮ್ಮ. “ನೀನಂತೂ ಅಲ್ಲೇ ದೂರ ಕುಂಡ್ರು.”

“ಯಾರದು? ನನ್ನ ಕಂದೀಲ ಊದಿದಾಕಿಯೇನು?” ಸಾಬಣ್ಣನ ದನಿ ಹಾಗೇ ಇತ್ತು. ಚಹಾ ಕುಡಿಯುತ್ತಿದ್ದ ಹಮಾಲರ ಕಡೆ ತಿರುಗಿದರು. “ಇಕೀನs ನೋಡ್ರಪ. ಹೇಳ್ತಿದ್ನೆಲ್ಲ, ಮುಚ್ಚಳದ ಮ್ಯಾಲ ಕುಂತಾಕಿ. ಬಾವ್ಯಾಗ ಏನಿತ್ತು ಆವತ್ತ? ಏನೂ ಇರಲಿಲ್ಲ. ನಾ ಇಳದಿದ್ರ ಒಂದ ಗಳಿಗ್ಯಾಗ ಕೆಸರ ತೆಗದು ಬರ್ತಿದ್ದೆ. ಇಳಿಗೊಡಲಿಲ್ಲ! ಹೆಣ್ಣಮಗಳು, ಏಳಂದ್ರ ಏಳವಲ್ಲಳು!”

ಹಮಾಲರು ನನ್ನನ್ನು ನೋಡಿ ನಕ್ಕರು. ಈ ಕಥೆಯನ್ನು ಅವರು ಎಷ್ಟು ಸಲ ಕೇಳಿದ್ದರೋ. ಬಾವಿಯಲ್ಲಿ ಏನಿತ್ತು ಎಂದು ನಾನು ಹೇಳಬಹುದಿತ್ತು. ಬಾಯಿಗೆ ಬಂದದ್ದನ್ನು ದೇವಕೆಮ್ಮ ಕೈಗಿತ್ತ ಚಹಾದ ಜೊತೆ ನುಂಗಿದೆ.

ದಮ್ಮು ಹತ್ತಿದಾಗ ಸಾಬಣ್ಣ ನಿಲ್ಲಿಸಿ, ಎಳೆದು ಎಳೆದು ಉಸಿರು ತೆಗೆದುಕೊಂಡು, ಬಿಟ್ಟಲ್ಲಿಂದ ಮತ್ತೆ ಬೈಯುತ್ತಿದ್ದರು. ನಾನು ಆ ಉಸಿರನ್ನೇ ಕೇಳುತ್ತ ಕೂತೆ. ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಶಹಾಪುರದ ಬಸ್ಸು ಬಂದು ಹಾರನ್ನು ಹೊಡೆಯಿತು. ನಾನು ಏಳಲಿಲ್ಲ. ದೇವಕೆಮ್ಮನಿಗೆ ಇನ್ನೊಂದು ಚಹಾ ಹೇಳಿದೆ.